ತಿಪ್ಪೆ ಕಾದ ಮೇಲೆಯೇ ಮಡಿಗೆ

ನಮ್ಮ ತಿಪಟೂರು ಸೀಮೆಯಲ್ಲಿ ಗೊಬ್ಬರಕ್ಕೇನೂ ಬರವಿಲ್ಲ. ಮನೆ ಹಿಂದೆ ತಿಪ್ಪೆ ಇದ್ದೇ ಇರುತ್ತೆ, ರಾಗಿ ಕೊಯ್ಲಾದ ಮೇಲೆ ಕುರಿಮಂದೆ ಬರುತ್ತೆ, ಕೋಳಿ ಫಾರಂನವರು ಚೀಲದ ಲೆಕ್ಕದಲ್ಲಿ ಕೊಡುತ್ತಾರೆ. ಆದರೆ ರಾಗಿ ಹೊಲಕ್ಕೆ ಹಾಕುವುದೇ ಬೇರೆ, ಹಿತ್ತಲ ಸೊಪ್ಪಿನ ಮಡಿಗೆ ಹಾಕುವುದೇ ಬೇರೆ. ರಾಗಿಯನ್ನು ಬೀಸಿ ಬೇಯಿಸಿ ಉಣ್ಣುತ್ತೇವೆ. ಕೊತ್ತಂಬರಿಯನ್ನು ಹಸಿಯಾಗಿಯೇ ಕೋಸಂಬರಿಗೆ ಉದುರಿಸುತ್ತೇವೆ. ಹಸಿ ಸಗಣಿಯಲ್ಲಿರಬಹುದಾದ ಇ. ಕೋಲಿ, ಸಾಲ್ಮೊನೆಲ್ಲಾದಂಥ ರೋಗಾಣು, ಜಂತುಹುಳದ ಮೊಟ್ಟೆ ಎಲ್ಲವೂ ಆ ದಾರಿಯಲ್ಲೇ ತಟ್ಟೆಗೆ ಬರುವುದು. ಹಾಗಾಗಿ ತರಕಾರಿ ಗೊಬ್ಬರವನ್ನು ನಾನು ಬೇರೆಯೇ ಮಾಡಿಕೊಳ್ಳುತ್ತೇನೆ.

ಊರಲ್ಲಿ ಎಲ್ಲರೂ ಮಾಡುವುದು ಗುಂಡಿ ಗೊಬ್ಬರ. ದಿನಾ ಬೆಳಗ್ಗೆ ಒಂದು ಪುಟ್ಟಿ ಸಗಣಿ ಸುರಿಯುವುದು, ಮುಂಗಾರಿಗೆ ಮುಂಚೆ ಟ್ರ್ಯಾಕ್ಟರಿಗೆ ತುಂಬುವುದು. ತಳದ್ದು ಹೋದ ವರ್ಷದ್ದು, ಮೇಲಿನದು ನಿನ್ನೆಯದು. ತುಂಬುವಾಗ ಎರಡೂ ಕಲೆತುಹೋಗುತ್ತವೆ. ಮೇಲಾಗಿ ಗುಂಡಿಯೊಳಗೆ ಗಾಳಿಯಾಡದೆ ಗೊಬ್ಬರ ಕೊಳೆಯುತ್ತೆ, ಬಿಸಿಯೇರಿ ಕಾಯುವುದಿಲ್ಲ. ರೋಗಾಣು ಸಾಯಬೇಕಾದರೆ, ಕಳೆಬೀಜ ಸುಡಬೇಕಾದರೆ ಕಾಯಲೇಬೇಕು.

ಅದಕ್ಕೆ ನಾನು ಗುಂಡಿ ಬಿಟ್ಟು ನೆಲದ ಮೇಲೆ ಗುಪ್ಪೆ ಹಾಕುತ್ತೇನೆ, ಅದೂ ಒಂದೇ ದಿನದಲ್ಲಿ. ಅಷ್ಟು ದಿನದ ಸಗಣಿಯನ್ನು ನೆರಳಲ್ಲಿ ಕೂಡಿಟ್ಟಿರುತ್ತೇನೆ. ಒಂದು ಪುಟ್ಟಿ ಸಗಣಿಗೆ ಎರಡು ಪುಟ್ಟಿ ಒಣ ಕಸ: ಹಸು ತಿಂದು ಬಿಟ್ಟ ರಾಗಿಹುಲ್ಲು, ಕೊಚ್ಚಿದ ತೆಂಗಿನ ಗರಿ, ತೊಗರಿ ಕಡ್ಡಿ, ಗಂಜಲ ಕುಡಿದ ಕೊಟ್ಟಿಗೆಯ ಹಾಸು. ಉದ್ದ, ಅಗಲ, ಎತ್ತರ ಮೂರೂ ಕನಿಷ್ಠ 3 ಅಡಿ ಇರಬೇಕು, ನಾನು 4 ಅಡಿ ಮಾಡುತ್ತೇನೆ. 3 ಅಡಿಗಿಂತ ಚಿಕ್ಕದಾದರೆ ಹುಟ್ಟಿದ ಶಾಖ ನಿಲ್ಲುವುದಿಲ್ಲ. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಜಿನುಗಬೇಕು, ಧಾರೆ ಇಳಿಯಬಾರದು. ಮೇಲೆ ಹೆಣೆದ ಗರಿ ಮುಚ್ಚುತ್ತೇನೆ. ಮಳೆಗೆ ಬಿಟ್ಟರೆ ಸತ್ವವೆಲ್ಲ ಕಪ್ಪು ನೀರಾಗಿ ಹರಿದುಹೋಗುತ್ತೆ. ಆ ನೀರು ಬಾವಿಗೆ ಸೇರದ ಹಾಗೆ ಗುಪ್ಪೆಯ ಜಾಗ ಬಾವಿಯಿಂದ ದೂರ, ಇಳಿಜಾರಿನ ಕೆಳಗಡೆ.

ಎರಡು ಮೂರು ದಿನದಲ್ಲಿ ಒಳಗೆ ಬಿಸಿ ಏಳುತ್ತೆ. ಹಾರೆ ಚುಚ್ಚಿಟ್ಟು ಮುಟ್ಟಿ ನೋಡುವ ಹಳೇ ಕ್ರಮ ಚೆನ್ನಾಗಿಯೇ ಇದೆ, ಆದರೆ ಬಿಸಿ 48ರಲ್ಲಿದೆಯೋ 58ರಲ್ಲಿದೆಯೋ ಹಾರೆ ಹೇಳುವುದಿಲ್ಲ. ಉದ್ದ ಕಡ್ಡಿಯ ಥರ್ಮಾಮೀಟರ್ ಒಂದನ್ನು ಕೊಂಡುಕೊಳ್ಳಿ, ಈ ಕೆಲಸದಲ್ಲಿ ದುಡ್ಡು ಹಾಕಬೇಕಾದ್ದು ಅದೊಂದಕ್ಕೇ. ಅಮೆರಿಕದ ಸಾವಯವ ನಿಯಮದಲ್ಲಿ ಸಾಲುಗುಪ್ಪೆಗೆ (ಉದ್ದ ಸಾಲಾಗಿ ಹಾಕುವ ಗುಪ್ಪೆಗೆ) ಒಂದು ಲೆಕ್ಕವಿದೆ: 55ರಿಂದ 77 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ದಿನ ಇರಬೇಕು, ಅಷ್ಟರಲ್ಲಿ 5 ಸಲ ಮಗುಚಬೇಕು. ನಾನು ಅದನ್ನೇ ಪಾಲಿಸುತ್ತೇನೆ, 70 ದಾಟುವ ಮೊದಲೇ ಬಿಚ್ಚಿ ಗಾಳಿಯಾಡಿಸುತ್ತೇನೆ. ಮಗುಚುವಾಗ ಹೊರಗಿನದು ಒಳಕ್ಕೆ, ಒಳಗಿನದು ಹೊರಕ್ಕೆ ಬರಬೇಕು, ಏಕೆಂದರೆ ಗುಪ್ಪೆಯ ಅಂಚು ಎಂದೂ ಕಾಯುವುದಿಲ್ಲ. ಬಿಸಿ ಇಳಿದ ಮೇಲೆ ಎರಡು ತಿಂಗಳಾದರೂ ಮಾಗಲು ಬಿಡಬೇಕು. ಮಾಗಿದ್ದಕ್ಕೆ ಮಣ್ಣಿನ ವಾಸನೆ. ಅನುಮಾನ ಬಂದರೆ ಒಂದು ಕುಂಡದಲ್ಲಿ ಗೊಬ್ಬರ, ಮಣ್ಣು ಸಮ ಹಾಕಿ ಮೂಲಂಗಿ ಬೀಜ ಉದುರಿಸುತ್ತೇನೆ. ಮೊಳಕೆ ಹಳದಿಯಾದರೆ, ಸುಟ್ಟರೆ ಗೊಬ್ಬರ ಇನ್ನೂ ಮಾಗಬೇಕು.

ತೆಂಗಿನ ಸೀಮೆಯವರಿಗೆ ಇನ್ನೊಂದು ತಾಪತ್ರಯ. ಸುಳಿ ಕೊರೆಯುವ ರೈನೋ ದುಂಬಿ ಮೊಟ್ಟೆಯಿಡುವುದೇ ತಿಪ್ಪೆಯಲ್ಲಿ. ಮಗುಚುವಾಗ ಹೆಬ್ಬೆರಳು ಗಾತ್ರದ ಬಿಳಿ ಗೊಣ್ಣೆಹುಳು ಮುದುಡಿಕೊಂಡು ಸಿಗುತ್ತವೆ, ಕೋಳಿಗಳಿಗೆ ಹಬ್ಬ. ಹಳೇ ತಿಪ್ಪೆಗೆ ಮೆಟರೈಜಿಯಂ ಶಿಲೀಂಧ್ರ ಬೆರೆಸಿದರೂ ಹುಳು ಸಾಯುತ್ತೆ. ಆದರೆ ಮಾಗುತ್ತಿರುವ ಗುಪ್ಪೆಯ ಮೇಲೆ ಕೋಳಿ ಹತ್ತಲು ಬಿಡಬೇಡಿ. ಅಲ್ಲಿ ಹಿಕ್ಕೆ ಹಾಕಿದರೆ ಅಷ್ಟು ದಿನ ಕಾಯಿಸಿದ್ದು ನೀರಿನಲ್ಲಿ ಹೋಮ.

ಕುರಿ ಹಿಕ್ಕೆ ಒಳ್ಳೆಯದೇ, ಆದರೆ ಅದರ ಜೊತೆ ಬಳ್ಳಾರಿ ಜಾಲಿ ಬರುತ್ತೆ. ಕಾಯಿ ತಿಂದ ಕುರಿಯ ಹೊಟ್ಟೆಯಲ್ಲಿ ಆ ಬೀಜ ಸಾಯುವುದಿಲ್ಲ. ಹಿಕ್ಕೆಯನ್ನು ನೆನೆಸಿ, ಒಡೆದು, ಗುಪ್ಪೆಗೆ ಸೇರಿಸಬೇಕು. ಗಟ್ಟಿ ಹಾಗೇ ಉಳಿದರೆ ಒಳಕ್ಕೆ ಶಾಖ ಹೋಗುವುದಿಲ್ಲ. ಕೋಳಿ ಗೊಬ್ಬರದ್ದು ಬೇರೆ ಕಥೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇ. 0.5 ಇದ್ದರೆ ಇದರಲ್ಲಿ ಶೇ. 3ರ ಹತ್ತಿರ. ಹಸಿಯಾಗಿ ಹಾಕಿದರೆ ಬೇರು ಸುಡುತ್ತೆ. ಗುಪ್ಪೆಯಲ್ಲಿ ಕಣ್ಣುರಿಸುವ ಅಮೋನಿಯಾ ವಾಸನೆ ಬಂದರೆ ಒಣ ಕಸ ಸಾಲದು ಎಂದರ್ಥ, ಗೊಬ್ಬರದ ಹಣ ಗಾಳಿಗೆ ಹಾರುತ್ತಿದೆ. ಚೀಲ ಕೊಡವುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ನಾಯಿ, ಬೆಕ್ಕಿನ ಹೊಲಸು ಮಾತ್ರ ಯಾವ ಲೆಕ್ಕಕ್ಕೂ ಸೇರಿಸಬೇಡಿ. ಬರಿಗಾಲಲ್ಲಿ ತಿಪ್ಪೆ ತುಳಿಯುವ ಅಭ್ಯಾಸ ಇರುವವರು ಧನುರ್ವಾಯು ಲಸಿಕೆ ಹಾಕಿಸಿಕೊಂಡಿರಬೇಕು, ಅದರ ರೋಗಾಣು ಸಗಣಿಯಲ್ಲೂ ಮಣ್ಣಲ್ಲೂ ಇರುತ್ತೆ.

ಕಾಯಿಸಲು ಪುರಸೊತ್ತಿಲ್ಲದವರಿಗೆ ಅದೇ ಅಮೆರಿಕದ ನಿಯಮದಲ್ಲಿ ಇನ್ನೊಂದು ದಾರಿಯಿದೆ: ತಿನ್ನುವ ಭಾಗಕ್ಕೆ ಮಣ್ಣು ತಾಗುವ ಬೆಳೆಗಾದರೆ ಕೊಯ್ಲಿಗೆ 120 ದಿನ ಮುಂಚೆ, ತಾಗದ ಬೆಳೆಗಾದರೆ 90 ದಿನ ಮುಂಚೆ ಹಸಿ ಗೊಬ್ಬರ ಹಾಕಿ ಮಣ್ಣಿಗೆ ಸೇರಿಸಿಬಿಡುವುದು. ಮೂಲಂಗಿ ಒಂದೂವರೆ ತಿಂಗಳಿಗೇ ಕೀಳುವ ಬೆಳೆ, ಕೊತ್ತಂಬರಿ ಅದಕ್ಕಿಂತ ಬೇಗ. ಅಂದರೆ ಹಿತ್ತಲಿಗೆ ಈ ದಾರಿ ಹೆಚ್ಚು ಉಪಯೋಗಕ್ಕೆ ಬರದು.

ಹಸಿಯಾಗಿ ತಿನ್ನುವ ಬೆಳೆಗೆ ಜೀವಾಮೃತವೂ ಬೇಡ ಎಂದರೆ ನನ್ನ ಸ್ನೇಹಿತರು ಸಿಟ್ಟಾಗುತ್ತಾರೆ. ಅದರಲ್ಲಿ ಹಸಿ ಸಗಣಿಗೆ ಗಂಜಲ, ಬೆಲ್ಲ, ದ್ವಿದಳ ಹಿಟ್ಟು ಕೊಟ್ಟು ಸೂಕ್ಷ್ಮಾಣು ಬೆಳೆಸುತ್ತೇವೆ. ಬೆಲ್ಲ ತಿನ್ನುವವರಲ್ಲಿ ಒಳ್ಳೆಯವರು ಕೆಟ್ಟವರು ಎಂದು ಬೇರ್ಪಡಿಸುವವರು ಯಾರು? ಗೋಬರ್ ಗ್ಯಾಸ್ ಬಗ್ಗಡವೂ ಅಷ್ಟೆ, ಮನೆಯ ಘಟಕದಲ್ಲಿ 55 ಡಿಗ್ರಿ ಬರುವುದಿಲ್ಲ. ತೆಂಗು, ಬಾಳೆ, ನುಗ್ಗೆಯ ಬುಡಕ್ಕೆ ಎರಡನ್ನೂ ಧಾರಾಳವಾಗಿ ಕೊಡುತ್ತೇನೆ. ಬೇಯಿಸಿ ತಿನ್ನುವ ದಂಟು, ಬಸಳೆಗೆ ಬುಡಕ್ಕಷ್ಟೇ, ಎಲೆಗೆ ಸಿಂಪಡಿಸುವುದಿಲ್ಲ. ಕೊತ್ತಂಬರಿ, ಪುದೀನ, ಮೂಲಂಗಿ, ಸೌತೆಗೆ ಬುಡಕ್ಕೂ ಇಲ್ಲ.