ಬ್ಲಡ್ ಅಗರ್ ಪ್ಲೇಟ್: ಅರ್ಧ ಲೀಟರಿನ ಲೆಕ್ಕ

ಚಳ್ಳಕೆರೆ, ಹಿರಿಯೂರು ಸೀಮೆಯಲ್ಲಿ ಕುರಿಗೆ ಬರವಿಲ್ಲ. ಹಾಗಾಗಿ ದಾವಣಗೆರೆ, ಚಿತ್ರದುರ್ಗದ ಲ್ಯಾಬುಗಳು ಬ್ಲಡ್ ಅಗರನ್ನು, ಅಂದರೆ ಬ್ಯಾಕ್ಟೀರಿಯಾ ಬೆಳೆಸಲು ಕುರಿ ರಕ್ತ ಬೆರೆಸಿ ಮಾಡುವ ಜೆಲ್ಲಿಯಂಥ ಮೀಡಿಯಾವನ್ನು, ತಾವೇ ತಯಾರಿಸಿಕೊಳ್ಳಬಹುದು. ತೊಡಕಿರುವುದು ನೀರಿನಲ್ಲಿ. ಬೋರ್‌ವೆಲ್‌ನ ಗಡಸು ನೀರಿನ ಲವಣ ಮೀಡಿಯಾದ ಪಿಎಚ್ ಕೆಡಿಸುತ್ತದೆ, ಅಗರ್ ಮಸುಕಾಗುತ್ತದೆ. ಡಿಸ್ಟಿಲ್ಡ್ ವಾಟರ್ ಮಾತ್ರ ಬಳಸಿ, ಕುಡಿಯುವ ಕ್ಯಾನ್ ನೀರೂ ಬೇಡ.

ಲೀಟರಿಗೆ 40 ಗ್ರಾಂ ಎಂದು ಡಬ್ಬಿಯ ಮೇಲಿದ್ದರೆ, 19 ಗ್ರಾಂ ಬ್ಲಡ್ ಅಗರ್ ಬೇಸ್ ಪುಡಿ, 475 ಮಿ.ಲೀ. ನೀರು, ಕೊನೆಗೆ 25 ಮಿ.ಲೀ. ಕುರಿ ರಕ್ತ. ಇದರಿಂದ ಸುಮಾರು 25 ಪ್ಲೇಟ್ ಬರುತ್ತದೆ. ಫ್ಲಾಸ್ಕ್ ಒಂದು ಲೀಟರಿನದಿರಲಿ, ಚಿಕ್ಕದಾದರೆ ಉಕ್ಕಿ ಚೆಲ್ಲುತ್ತದೆ. ತಳದಲ್ಲಿ ಒಂದು ಕಾಳೂ ಉಳಿಯದಂತೆ ಕುದಿಸಿ ಕರಗಿಸಿ. ಅರೆಕರಗಿದ್ದರೆ ಒಂದು ಪ್ಲೇಟ್ ಗಟ್ಟಿ, ಇನ್ನೊಂದು ಲೋಳೆ.

ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಯಿಂದ ಸೂಕ್ಷ್ಮಾಣು ಕೊಲ್ಲುವ ಯಂತ್ರ) 121 ಡಿಗ್ರಿ, 15 ಪೌಂಡ್ ಒತ್ತಡ, 15 ನಿಮಿಷ. ಒಳಗಿನ ಗಾಳಿ ಪೂರ್ತಿ ಹೊರಹೋಗಿ ಉಷ್ಣತೆ ಮುಟ್ಟಿದ ಮೇಲೆಯೇ ಗಡಿಯಾರ ನೋಡಿ. ಹೊತ್ತು ಮೀರಿದರೆ ಮೀಡಿಯಾ ಕಂದಾಗುತ್ತದೆ, ಅಗರ್ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ.

ಹೆಚ್ಚಿನವರು ಎಡವುವುದು ರಕ್ತ ಬೆರೆಸುವಾಗ. ಆ್ಯಂಟಿಬಯಾಟಿಕ್ ಬೀಳದ ಆರೋಗ್ಯವಂತ ಕುರಿಯ ಕುತ್ತಿಗೆಯ ನಾಳದಿಂದ ಪಶುವೈದ್ಯರೇ ರಕ್ತ ತೆಗೆಯಬೇಕು. ಸ್ಟೆರೈಲ್ ಗಾಜಿನ ಮಣಿಗಳಿರುವ ಫ್ಲಾಸ್ಕಿಗೆ ಹಿಡಿದು, ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನ್ ಎಳೆಗಳು ಮಣಿಗೆ ಸುತ್ತಿಕೊಳ್ಳುವ ತನಕ ಹತ್ತು ನಿಮಿಷ ನಿಲ್ಲಿಸದೆ ತಿರುಗಿಸಿ. ರಕ್ತನಿಧಿಯಲ್ಲಿನ ಮನುಷ್ಯರ ಅವಧಿ ಮುಗಿದ ರಕ್ತ ಬಳಸುವ ರೂಢಿ ಕೆಲವೆಡೆ ಇದೆ, ಅದು ತಪ್ಪು. ಅದರಲ್ಲಿ ಹೆಪ್ಪುಗಟ್ಟದಂತೆ ಹಾಕಿರುವ ಸಿಟ್ರೇಟ್, ಪ್ರತಿಕಾಯ, ಔಷಧದ ಶೇಷ ಸೂಕ್ಷ್ಮಾಣುಗಳ ಬೆಳವಣಿಗೆಯನ್ನು ತಡೆಯಬಲ್ಲವು. ಬೆರೆಸುವವರಿಗೆ ಸೋಂಕಿನ ಅಪಾಯ ಬೇರೆ.

ಬೇಸ್ 45ರಿಂದ 50 ಡಿಗ್ರಿಗೆ ಇಳಿಯಲಿ, ವಾಟರ್ ಬಾತ್ ಇದ್ದರೆ ನಿಖರ. ಅದಕ್ಕಿಂತ ಬಿಸಿಯಿದ್ದರೆ ರಕ್ತಕಣ ಒಡೆದು ಕೆಂಪು ಕಂದಾಗುತ್ತದೆ, ಹೀಮೊಲಿಸಿಸ್ (ಬ್ಯಾಕ್ಟೀರಿಯಾ ರಕ್ತಕಣ ಒಡೆದ ಗುರುತು) ಓದಲಾಗದು. ಹಿಮೋಫಿಲಸ್ ಎಂಬ ಬ್ಯಾಕ್ಟೀರಿಯಾಕ್ಕೆ ಬೇಕಾದ ಚಾಕೊಲೇಟ್ ಅಗರ್‌ನಲ್ಲಿ ಮಾತ್ರ ಬೇಕೆಂದೇ ಹಾಗೆ ಕಾಯಿಸುತ್ತಾರೆ. ಫ್ರಿಜ್‌ನಿಂದ ತೆಗೆದ ತಣ್ಣನೆ ರಕ್ತ ನೇರ ಸುರಿದರೆ ಅಗರ್ ಗಂಟುಗಟ್ಟುತ್ತದೆ. ಮೊದಲು ಕೋಣೆಯ ಉಷ್ಣತೆಗೆ ತನ್ನಿ. ಕುಲುಕಬೇಡಿ, ಸುತ್ತು ತಿರುಗಿಸಿ. ಗುಳ್ಳೆ ಬಂದರೆ ಬರ್ನರ್ ಜ್ವಾಲೆಯನ್ನು ಮೇಲ್ಮೈಗೆ ಕ್ಷಣಮಾತ್ರ ತಾಗಿಸಿ.

90 ಮಿ.ಮೀ. ಪ್ಲೇಟಿಗೆ 18ರಿಂದ 20 ಮಿ.ಲೀ. ಸುರಿಯಿರಿ. ತೆಳುವಾದರೆ ಇನ್‌ಕ್ಯುಬೇಟರ್‌ನಲ್ಲಿ ಒಣಗಿ ಬಿರಿಯುತ್ತದೆ, ನಮ್ಮ ಏಪ್ರಿಲ್ ಬಿಸಿಲಿನಲ್ಲಂತೂ ಇನ್ನೂ ಬೇಗ. ದಪ್ಪವಾದರೆ ಕಾಲೊನಿಯ ಸುತ್ತಲಿನ ತಿಳಿ ವಲಯ ಕಾಣಿಸದು.

ಪ್ರತಿ ಬ್ಯಾಚಿನ ಒಂದೆರಡು ಪ್ಲೇಟುಗಳನ್ನು ಖಾಲಿಯಾಗಿಯೇ 37 ಡಿಗ್ರಿಯಲ್ಲಿ 24 ಗಂಟೆ ಇಡಿ. ಏನಾದರೂ ಬೆಳೆದರೆ ಆ ಬ್ಯಾಚ್ ಪೂರ್ತಿ ಎಸೆಯಿರಿ. ಸ್ಟ್ರೆಪ್ಟೊಕಾಕಸ್ ಪಯೋಜಿನಸ್ ಬ್ಯಾಕ್ಟೀರಿಯಾದ ಎಟಿಸಿಸಿ 19615 ಎಂಬ ಪ್ರಮಾಣಿತ ತಳಿ ಹಾಕಿ, ಬೀಟಾ ಹೀಮೊಲಿಸಿಸ್ (ಕಾಲೊನಿಯ ಸುತ್ತ ಪೂರ್ತಿ ತಿಳಿ ವಲಯ) ಸ್ಪಷ್ಟವಾಗಿ ಬರುತ್ತದೆಯೇ ನೋಡಿದ ಮೇಲೆಯೇ ರೋಗಿಯ ಸ್ಯಾಂಪಲ್‌ಗೆ ಕೊಡಿ. ಮಿಕ್ಕವನ್ನು ಬೋರಲಾಗಿ, ಕವರಿನಲ್ಲಿ ಸುತ್ತಿ 2ರಿಂದ 8 ಡಿಗ್ರಿಯಲ್ಲಿಡಿ. ಬೆಳೆದ ಪ್ಲೇಟನ್ನು ಮೂಸಿ ನೋಡಬೇಡಿ, ಆಟೋಕ್ಲೇವ್ ಮಾಡದೆ ಕಸಕ್ಕೆ ಹಾಕಬೇಡಿ.