ಯುಎಸ್‌ಬಿ ಕ್ಯಾಪ್ಚರ್ ಸಾಧನ: ಒಂದೇ ಅಳತೆಯಲ್ಲಿ ನಿಲ್ಲದ ವಿಡಿಯೊ ವಿಳಂಬವನ್ನು ಸರಿಪಡಿಸುವ ಕ್ರಮ

ಕ್ಯಾಮೆರಾ ಅಥವಾ ಗೇಮ್ ಕನ್ಸೋಲಿನಂಥ ಮೂಲ ಸಾಧನದ ಚಿತ್ರವನ್ನು ಕಂಪ್ಯೂಟರಿಗೆ ತಲುಪಿಸುವ ಕ್ಯಾಪ್ಚರ್ ಸಾಧನದ ಮೂಲಕ ಬರುವ ಚಿತ್ರವು ತುಸು ತಡವಾಗಿ ಕಾಣಿಸುವುದು ಸಹಜ. ಆ ತಡ ಸದಾ ಒಂದೇ ಆಗಿದ್ದರೆ ಧ್ವನಿಯನ್ನೂ ಅಷ್ಟೇ ಹಿಂದಕ್ಕೆ ಸರಿಸಿ ಎರಡನ್ನೂ ಹೊಂದಿಸಬಹುದು. ವಿಳಂಬವೇ ಏರಿಳಿಯುತ್ತಿದ್ದರೆ ಮಾತ್ರ ಯಾವ ಹೊಂದಾಣಿಕೆಯೂ ನಿಲ್ಲುವುದಿಲ್ಲ. ಆದ್ದರಿಂದ ಧ್ವನಿಯನ್ನು ಎಷ್ಟು ಸರಿಸಬೇಕೆಂದು ಹೇಳುವ ಆಫ್‌ಸೆಟ್ ಅಂಕಿಗಳಿಗೆ ಕೈಹಾಕುವ ಮುನ್ನ ವಿಳಂಬವನ್ನು ಸ್ಥಿರಗೊಳಿಸಬೇಕು. ಈ ಕ್ರಮವನ್ನು ತಿರುವುಮುರುವು ಮಾಡಿದರೆ ಶ್ರಮವೆಲ್ಲ ವ್ಯರ್ಥವಾಗುತ್ತದೆ.

ಮೊದಲು ಅಳೆಯಿರಿ. ಮೂಲ ಸಾಧನದಲ್ಲಿ ಮಿಲಿಸೆಕೆಂಡ್ ತೋರಿಸುವ ಸ್ಟಾಪ್‌ವಾಚ್ ಓಡಿಸಿ, ಅದರ ನೇರ ಪರದೆಯನ್ನೂ ಕಂಪ್ಯೂಟರಿನ ಪ್ರಿವ್ಯೂವನ್ನೂ ಅಕ್ಕಪಕ್ಕದಲ್ಲಿಟ್ಟು ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಒಂದೇ ಚೌಕಟ್ಟಿನೊಳಗೆ ಚಿತ್ರೀಕರಿಸಿ. ಎರಡು ಅಂಕಿಗಳ ಅಂತರವೇ ವಿಳಂಬ. ಪರದೆಯು 60 ಹರ್ಟ್ಸ್‌ನದಾದರೆ ಸುಮಾರು 17 ಮಿಲಿಸೆಕೆಂಡ್‌ಗಳ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಆರಂಭದಲ್ಲಿ, ಅರ್ಧ ಗಂಟೆಯ ಬಳಿಕ ಮತ್ತು ತಂತ್ರಾಂಶವನ್ನು ಮುಚ್ಚಿ ತೆರೆದ ಮೇಲೆ ಹೀಗೆ ಅಳೆದರೆ ದೋಷದ ಸ್ವರೂಪ ತಿಳಿಯುತ್ತದೆ.

ಪ್ರತಿ ಬಾರಿ ತೆರೆದಾಗಲೂ ಬೇರೆ ವಿಳಂಬ ಕಂಡು, ಆಮೇಲೆ ಅದು ಬದಲಾಗದಿದ್ದರೆ ಬಫರಿಂಗ್ (ಫ್ರೇಮ್‌ಗಳನ್ನು ತುಸು ಹೊತ್ತು ಕೂಡಿಟ್ಟು ತೋರಿಸುವುದು) ಮೇಲೆ ಅನುಮಾನಪಡಬಹುದು. ರೆಕಾರ್ಡಿಂಗ್ ಮತ್ತು ನೇರಪ್ರಸಾರದ ತಂತ್ರಾಂಶವಾದ ಓಬಿಎಸ್‌ನಲ್ಲಿ ವಿಡಿಯೊ ಕ್ಯಾಪ್ಚರ್ ಡಿವೈಸ್‌ನ ಪ್ರಾಪರ್ಟೀಸ್ ತೆರೆದು ಬಫರಿಂಗ್ ಅನ್ನು ಡಿಸೇಬಲ್ ಮಾಡಿ ನೋಡಿ.

ಹೊತ್ತು ಕಳೆದಂತೆ ಚಿತ್ರಕ್ಕೂ ಧ್ವನಿಗೂ ನಡುವಿನ ಅಂತರ ಬೆಳೆಯುತ್ತಿದ್ದರೆ ಚಿತ್ರದ ಮತ್ತು ಧ್ವನಿಯ ಸಾಧನಗಳೊಳಗಿನ ಎರಡು ಗಡಿಯಾರಗಳು ಬೇರೆ ಬೇರೆ ವೇಗದಲ್ಲಿ ನಡೆಯುತ್ತಿರುವ ಸಾಧ್ಯತೆ ಹೆಚ್ಚು. ಧ್ವನಿಯನ್ನು ಬೇರೆ ಸಾಧನದಿಂದ ತೆಗೆದುಕೊಳ್ಳದೆ ಕ್ಯಾಪ್ಚರ್ ಸಾಧನದಿಂದಲೇ ಪಡೆಯಿರಿ; ಧ್ವನಿಯ ಸ್ಯಾಂಪಲ್ ದರ ಎಲ್ಲೆಡೆಯೂ 48 ಕಿಲೋಹರ್ಟ್ಸ್ ಇರಲಿ. ಮೂಲದ ಫ್ರೇಮ್ ದರ 59.94 ಆಗಿದ್ದರೆ ತಂತ್ರಾಂಶದಲ್ಲಿಯೂ 60ರ ಬದಲು ಅದನ್ನೇ ಆರಿಸಿ.

ನಡುನಡುವೆ ವಿಳಂಬ ಜಿಗಿಯುತ್ತಿದ್ದರೆ ಹುಡುಕಾಟ ಹೆಚ್ಚು ತಾಳ್ಮೆ ಬೇಡುತ್ತದೆ, ಏಕೆಂದರೆ ಇಲ್ಲಿ ದತ್ತಾಂಶದ ದಾರಿಯೇ ಇಕ್ಕಟ್ಟಾಗಿರುವ ಸಾಧ್ಯತೆ ಹೆಚ್ಚು. ಸಂಕುಚಿತಗೊಳಿಸದ ವೈಯುವೈ2 ರೂಪದ 1080ಪಿ ಚಿತ್ರವು ಸೆಕೆಂಡಿಗೆ 60 ಫ್ರೇಮ್‌ಗಳಂತೆ ಹರಿಯಲು ಪ್ರತಿ ಸೆಕೆಂಡಿಗೆ ಸುಮಾರು 2 ಗಿಗಾಬಿಟ್ ಬೇಕು. ಯುಎಸ್‌ಬಿ 2.0ರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್ ಮಾತ್ರ. ಹಾಗಾಗಿ ಯುಎಸ್‌ಬಿ 2.0 ಸಾಧನ ಎಂಜೆಪಿಇಜಿ ರೂಪದಲ್ಲಿ ಕುಗ್ಗಿಸಿ ಕಳುಹಿಸುತ್ತದೆ, ಅದನ್ನು ಬಿಡಿಸುವ ಹೊರೆ ಪ್ರೊಸೆಸರ್ ಮೇಲೆ ಬೀಳುತ್ತದೆ. ಸಾಧನವನ್ನು ಹಬ್ ಬಿಟ್ಟು ನೇರವಾಗಿ ಯುಎಸ್‌ಬಿ 3.0 ಪೋರ್ಟಿಗೆ ಜೋಡಿಸಿ, ವೆಬ್‌ಕ್ಯಾಮ್ ಮತ್ತು ಹೊರಗಿನ ಹಾರ್ಡ್ ಡಿಸ್ಕ್‌ಗಳನ್ನು ಬೇರೆ ಕಂಟ್ರೋಲರಿಗೆ (ಯುಎಸ್‌ಬಿ ಪೋರ್ಟ್‌ಗಳನ್ನು ನಡೆಸುವ ಚಿಪ್) ಸ್ಥಳಾಂತರಿಸಿ. ಪ್ಲಗ್ಗಿನೊಳಗಿನ ನೀಲಿ ಬಣ್ಣವನ್ನಷ್ಟೇ ನಂಬಬೇಡಿ: ನೀಲಿ ಪ್ಲಗ್ ಇದ್ದೂ ಒಳಗೆ 2.0 ಆಗಿರುವ ಸಾಧನಗಳಿವೆ. ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ಸಂಪರ್ಕದ ಪ್ರಕಾರ ಸಾಧನಗಳನ್ನು ಜೋಡಿಸಿ ನೋಡಿದರೆ ಯಾವುದು ಯಾವ ಕಂಟ್ರೋಲರಿಗೆ ಸೇರಿದೆಯೆಂಬುದು ಗೊತ್ತಾಗುತ್ತದೆ. ಜಿಗಿತ ಆಗಲೂ ಉಳಿದರೆ ರೆಸಲ್ಯೂಶನ್ ಅಥವಾ ಫ್ರೇಮ್ ದರವನ್ನು ಒಂದು ಹಂತ ಇಳಿಸಿ ಮತ್ತೆ ಅಳೆಯಿರಿ. ಅದರಿಂದ ಜಿಗಿತ ನಿಂತರೆ ಇಕ್ಕಟ್ಟೇ ಕಾರಣವೆಂದು ಧೈರ್ಯವಾಗಿ ಹೇಳಬಹುದು. ಬಳಕೆಯಲ್ಲಿಲ್ಲದ ಯುಎಸ್‌ಬಿ ಸಾಧನಗಳನ್ನು ವಿದ್ಯುತ್ ಉಳಿಸಲು ತಾತ್ಕಾಲಿಕವಾಗಿ ನಿಲ್ಲಿಸುವ, ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿರುವ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅನ್ನೂ ಆಫ್ ಮಾಡಿಡುವುದು ಒಳ್ಳೆಯದು.

ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಪ್ರತಿಯೊಂದರ ನಂತರವೂ ಅಳೆಯಿರಿ. ಅಳತೆಗಳು ಒಂದೇ ಅಂಕಿಯ ಸುತ್ತ ನಿಂತ ಮೇಲೆ, ಬೇರೆ ಮೈಕ್ ಬಳಸುತ್ತಿದ್ದರೆ, ಆ ಅಂಕಿಯನ್ನು ಓಬಿಎಸ್‌ನ ಅಡ್ವಾನ್ಸ್‌ಡ್ ಆಡಿಯೊ ಪ್ರಾಪರ್ಟೀಸ್‌ನಲ್ಲಿ ಮೈಕಿನ ಸಿಂಕ್ ಆಫ್‌ಸೆಟ್ ಆಗಿ ಮಿಲಿಸೆಕೆಂಡ್‌ಗಳಲ್ಲಿ ನಮೂದಿಸಿ, ಚಪ್ಪಾಳೆ ತಟ್ಟಿ ರೆಕಾರ್ಡ್ ಮಾಡಿ ಪರೀಕ್ಷಿಸಿ.