ಬೇಸಿಗೆಗೆ ಮೊದಲು ಬೇರಿಗೆ ನೀರು ಮುಟ್ಟಿಸಿ

ಬಿಸಿಲು ಏರತೊಡಗಿದ ಕೂಡಲೇ ಈಗಿನವರು ಹೊಸ ಪರದೆ, ಹೊಸ ಕುಂಡ, ಹೊಸ ಗಿಡಗಳನ್ನು ತರಲು ಹೊರಡುತ್ತಾರೆಯೇ ಹೊರತು, ಮನೆಯಲ್ಲಿರುವ ಗಿಡದ ಬೇರಿಗೆ ನೀರು ಮುಟ್ಟುತ್ತಿದೆಯೇ ಎಂದು ಮಣ್ಣಿಗೆ ಬೆರಳಿಟ್ಟು ನೋಡುವುದಿಲ್ಲ. ಮೊನ್ನೆ ನನ್ನ ತಂಗಿಯ ಸೊಸೆ ನಡುಮಧ್ಯಾಹ್ನ ಪೈಪು ಹಿಡಿದು ಕುಂಡಗಳಿಗೆ ನೀರು ಹಾಯಿಸುತ್ತಿದ್ದಳು. ಬಿಸಿಲಿನಲ್ಲಿ ಬಿದ್ದಿದ್ದ ಪೈಪಿನೊಳಗಿನ ನೀರು ಕೈ ಚುರ್ರೆನ್ನುವಷ್ಟು ಕಾದಿತ್ತು. ಅದನ್ನು ಮೊದಲು ಬಕೆಟ್ಟಿಗೆ ಬಿಟ್ಟು, ತಣ್ಣೀರು ಬಂದ ಮೇಲೆ ಗಿಡಕ್ಕೆ ಹಿಡಿಯಬೇಕೆಂಬುದೂ ಅವಳಿಗೆ ಹೊಳೆದಿರಲಿಲ್ಲ. ತಳದ ತೂತಿನಿಂದ ನೀರು ಹರಿದದ್ದೇ ತಡ, ಸಾಕಾಯಿತೆಂದು ಮುಂದಿನ ಕುಂಡಕ್ಕೆ ನಡೆದಳು. ನಾನು ಮಣ್ಣನ್ನು ಕೆದಕಿ ತೋರಿಸಿದೆ. ಎರಡು ಬೆರಳಿನಷ್ಟು ಕೆಳಗೆ ಅದು ಬೂದಿಯಂತೆ ಒಣಗಿತ್ತು.

ಕುಂಡದ ಮಣ್ಣು, ಅದರಲ್ಲೂ ತೆಂಗಿನ ನಾರಿನ ಪುಡಿಯೋ ಎಲೆಗೊಬ್ಬರವೋ ಹೆಚ್ಚಾಗಿ ಬೆರೆತ ಮಣ್ಣು, ಒಮ್ಮೆ ಪೂರ್ತಿ ಒಣಗಿದರೆ ಕುಗ್ಗಿ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ ಮತ್ತು ನೀರನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೇಲಿನಿಂದ ಎಷ್ಟು ಸುರಿದರೂ ನೀರು ಆ ಸಂದಿನಲ್ಲೇ ಇಳಿದು ಹೊರಗೆ ಹೋಗುತ್ತದೆ. ಗಿಡ ಬಾಡಿದ್ದನ್ನು ನೋಡಿ ಗೊಬ್ಬರ ಸುರಿಯುವವರನ್ನು ಕಂಡರಂತೂ ನನಗೆ ಸಿಟ್ಟೇ ಬರುತ್ತದೆ. ಒಣಗಿದ ಬೇರಿಗೆ ಗೊಬ್ಬರ ಹಾಕಿದರೆ ಅದು ಸುಟ್ಟುಹೋಗುತ್ತದೆ.

ಇದಕ್ಕೆ ನಮ್ಮ ಅತ್ತೆಯವರು ಕಲಿಸಿದ ಕುಂಡದ ಸ್ನಾನವನ್ನೇ ನಾನು ಇಂದಿಗೂ ಮಾಡುತ್ತೇನೆ, ಮತ್ತು ಅದರಲ್ಲಿ ಒಂದು ಹಂತವನ್ನೂ ಬಿಡುವುದಿಲ್ಲ. ಅಗಲವಾದ ಟಬ್ಬಿನಲ್ಲಿ ಹಿಂದಿನ ರಾತ್ರಿಯೇ ನೀರು ತುಂಬಿಸಿ ನೆರಳಿನಲ್ಲಿಡಬೇಕು. ಬೆಳಿಗ್ಗೆ ಬಿಸಿಲು ಏರುವ ಮೊದಲು ಕುಂಡವನ್ನು ಅದರೊಳಗೆ ನಿಧಾನವಾಗಿ ಇಳಿಸಬೇಕು. ನೀರು ಕುಂಡದ ಅಂಚಿಗಿಂತ ಎರಡು ಬೆರಳು ಕೆಳಗೇ ನಿಲ್ಲಬೇಕು, ಇಲ್ಲದಿದ್ದರೆ ಮೇಲ್ಮಣ್ಣು ತೇಲಿ ಟಬ್ಬು ಸೇರುತ್ತದೆ. ನೀರು ತಳದ ತೂತಿನಿಂದ ಮೇಲಕ್ಕೆ ಏರುತ್ತಿದ್ದಂತೆ ಮಣ್ಣಿನೊಳಗಿನ ಗಾಳಿ ಗುಳುಗುಳು ಎಂದು ಗುಳ್ಳೆಯಾಗಿ ಹೊರಬರುತ್ತದೆ. ಆ ಗುಳ್ಳೆ ನಿಲ್ಲುವವರೆಗೆ ಕಾಯಬೇಕು. ಗಡಿಯಾರ ನೋಡಬಾರದು, ಗುಳ್ಳೆಯನ್ನು ನೋಡಬೇಕು. ಗುಳ್ಳೆ ನಿಂತು, ಮೇಲ್ಮಣ್ಣಿಗೆ ಬೆರಳೊತ್ತಿದಾಗ ತೇವ ಹತ್ತಿದರೆ ಎತ್ತಿ, ಎರಡು ಇಟ್ಟಿಗೆಗಳ ಮೇಲೆ ಇಟ್ಟು, ಹೆಚ್ಚಿನ ನೀರೆಲ್ಲ ಬಸಿದುಹೋಗಲು ಬಿಡಬೇಕು. ಅತ್ತೆಯವರು ಅಲ್ಲೇ ಮಣೆ ಹಾಕಿಕೊಂಡು ಕುಳಿತು, ಇಳಿಸುವ ಮೊದಲೊಮ್ಮೆ, ಬಸಿದ ಮೇಲೊಮ್ಮೆ ನನ್ನ ಕೈಯಲ್ಲಿ ಕುಂಡವನ್ನು ಎತ್ತಿಸುತ್ತಿದ್ದರು. ಆ ತೂಕ ಕೈಗೆ ನೆನಪಾಗಿ ಉಳಿದರೆ, ಆಮೇಲೆ ಯಾವ ಕುಂಡಕ್ಕೆ ನೀರು ಬೇಕೆಂಬುದು ಎತ್ತಿದ ಕೂಡಲೇ ತಿಳಿಯುತ್ತದೆ.

ಕುಂಡವನ್ನು ಟಬ್ಬಿನಲ್ಲಿಟ್ಟು ಮರೆತು ಸಂಜೆ ನೋಡುವವರೂ ಇದ್ದಾರೆ. ಮತ್ತೆ ಮತ್ತೆ ಹಾಗೆ ಮಾಡಿದರೆ ಗಾಳಿಯಿಲ್ಲದೆ ಬೇರು ಕೊಳೆಯಬಹುದು. ರೋಗ ಹಿಡಿದ ಗಿಡವನ್ನು ಎಲ್ಲಕ್ಕಿಂತ ಕೊನೆಗೆ ಅದ್ದಿ, ಆ ನೀರನ್ನು ಬೇರೆ ಗಿಡಗಳಿಗೆ ತಾಗದಂತೆ ಚೆಲ್ಲಬೇಕು. ಕಳ್ಳಿಯ ಜಾತಿಗೆ ಈ ಸ್ನಾನ ಬೇಡ.

ಬಸಿದ ಮೇಲೆ ಗೋಡೆಯ ಸಂದಿಗೆ ಹೊಸ ಮಣ್ಣು ಉದುರಿಸಿ ತೆಳುವಾದ ಕಡ್ಡಿಯಿಂದ ಮೆಲ್ಲಗೆ ಒತ್ತಬೇಕು. ಅದರ ಮೇಲೆ ತರಗೆಲೆಯ ಹೊದಿಕೆ ಹಾಕಬೇಕು, ಆದರೆ ಕಾಂಡಕ್ಕೆ ತಾಗದಂತೆ ಸುತ್ತಲೂ ಒಂದಿಷ್ಟು ಜಾಗ ಬಿಡಬೇಕು. ಅಂಗಳ ಗುಡಿಸಿ ತರಗೆಲೆಗೆ ಬೆಂಕಿ ಹಚ್ಚುವವರು, ತೇವ ಆರದಂತೆ ಕಾಯುವ ವಸ್ತುವನ್ನೇ ಸುಟ್ಟು ಹೊಗೆ ಕುಡಿಯುತ್ತಿದ್ದಾರೆ.

ಮನೆಯೊಳಗೆ ಕೆಲಸ ಅಷ್ಟೇನೂ ಇಲ್ಲ. ಬಿಸಿಲು ಬೀಳುವ ಕಿಟಕಿಗೆ ಒಳಗಿನ ಪರದೆಗಿಂತ ಹೊರಗಿನ ನೆರಳು ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಗಾಜನ್ನು ದಾಟಿ ಒಳಬಂದ ಬಿಸಿಲು ಪರದೆಯನ್ನು ಕಾಯಿಸಿ ಕೋಣೆಯನ್ನೂ ಕಾಯಿಸುತ್ತದೆ. ಹಗಲು ಹೊರಗೆ ಒಳಗಿಗಿಂತ ಹೆಚ್ಚು ಬಿಸಿಯಿರುವಾಗ ಕಿಟಕಿ ಮುಚ್ಚಿ, ಹೊರಗೆ ತಂಪಾದ ಮೇಲೆ ಎದುರುಬದುರಿನ ಕಿಟಕಿಗಳನ್ನು ತೆರೆಯಿರಿ. ಬೇಸಿಗೆಯೆಂದ ಮೇಲೆ ಫ್ಯಾನಿನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ: ಪೊರಕೆಯಿಂದ ರೆಕ್ಕೆ ಬಡಿದು ಧೂಳನ್ನೆಲ್ಲ ಹಾಸಿಗೆಗೆ ಉದುರಿಸಬೇಡಿ. ಸ್ವಿಚ್ ಆರಿಸಿ, ಹಳೆಯ ದಿಂಬಿನ ಕವರನ್ನು ರೆಕ್ಕೆಗೆ ತೊಡಿಸಿ, ಎರಡೂ ಕಡೆ ಒತ್ತಿ ಎಳೆದರೆ ಧೂಳೆಲ್ಲ ಚೀಲದೊಳಗೇ ಉಳಿಯುತ್ತದೆ.

ಮತ್ತೆ ಗಿಡಕ್ಕೇ ಬರುತ್ತೇನೆ. ಒಳಗೆ ಬೆಳೆದ ಗಿಡವನ್ನು ಒಮ್ಮೆಲೇ ಸುಡುಬಿಸಿಲಿಗೆ ಇಟ್ಟರೆ ಎಲೆ ಬಿಳಚಿಕೊಂಡು ಸುಡುತ್ತದೆ; ಮೊದಲು ನೆರಳು, ಆಮೇಲೆ ಬೆಳಗಿನ ಎಳೆಬಿಸಿಲು, ಹೀಗೆ ಒಂದೆರಡು ವಾರ ರೂಢಿಸಬೇಕು. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ನಾಲ್ಕೈದು ದಿನಕ್ಕೊಮ್ಮೆಯಾದರೂ ಚೆಲ್ಲಿ, ತಟ್ಟೆಯನ್ನು ಉಜ್ಜಿ ತೊಳೆಯಿರಿ. ಬರೀ ಚೆಲ್ಲಿದರೆ ಅಂಚಿಗೆ ಅಂಟಿದ ಸೊಳ್ಳೆಮೊಟ್ಟೆ ಹಾಗೆಯೇ ಉಳಿದು, ಮತ್ತೆ ನೀರು ತಾಗಿದಾಗ ಮರಿಯಾಗುತ್ತದೆ.